ಬೆನ್ನು ಬಿದ್ದ ಕ್ಯಾಮೆರಾ

ಕೃಷ್ಣರಾಜನಗರದಲ್ಲಿ ಒಬ್ಬರು ಹವ್ಯಾಸಿ ಛಾಯಾಗ್ರಾಹಕರಿದ್ದಾರೆ. ಹೆಸರು ಬೇಡ. ಹೆಸರು ಹೊರಬಿದ್ದರೆ ಅದರ ಹಿಂದೆಯೇ ಲೆನ್ಸಿನ ಬೆಲೆಯೂ ಹೊರಬೀಳುತ್ತದೆ, ಅದು ಸಂಸಾರದ ನೆಮ್ಮದಿಗೆ ಒಳ್ಳೆಯದಲ್ಲ. ಮನೆಯ ದಾಖಲೆಯಲ್ಲಿ ಆ ಲೆನ್ಸು 'ಸೆಕೆಂಡ್ ಹ್ಯಾಂಡು, ಸ್ನೇಹಿತರು ಸುಮ್ಮನೆ ಕೊಟ್ಟ ಹಾಗೆ ಕೊಟ್ಟರು' ಎಂದಿದೆ. ವಾರವಿಡೀ ಸಂಬಳದ ಕೆಲಸ. ಭಾನುವಾರ ಬೆಳಗಿನ ಜಾವ ಹೆಗಲಿಗೆ ಬ್ಯಾಗು, ತಲೆಗೆ ಮಂಕಿ ಕ್ಯಾಪು ಏರಿಸಿ ಬೈಕು ಹೊರಗೆ ತೆಗೆದರೆ ಬೀದಿ ನಾಯಿಗಳೂ ಬೊಗಳುವುದಿಲ್ಲ, ಅವಕ್ಕೆ ಅಭ್ಯಾಸವಾಗಿಹೋಗಿದೆ. ಒಳಗಿನಿಂದ ಮಾತ್ರ ಒಂದು ದನಿ ಬರುತ್ತದೆ: "ರೀ, ಹೆಂಗೂ ಆ ಕಡೆ ಹೋಗ್ತೀರಲ್ಲ, ಬರುವಾಗ ಮಿಲ್ಲಿಂದ ನುಚ್ಚು ತನ್ನಿ."

ಈ ಹವ್ಯಾಸಕ್ಕೆ ಬೇಕಾದದ್ದೆಲ್ಲ ಸುತ್ತಮುತ್ತಲೇ ಇರುವ ಸೀಮೆ ಇದು. ಊರ ಮಗ್ಗುಲಲ್ಲಿ ಕಾವೇರಿ, ಎಡತೊರೆಯ ಅರ್ಕೇಶ್ವರನ ಗುಡಿ. ತುಸು ದೂರ ಹೋದರೆ ಚುಂಚನಕಟ್ಟೆಯಲ್ಲಿ ಅದೇ ಕಾವೇರಿ ಬಂಡೆಯಿಂದ ಬಂಡೆಗೆ ಧುಮುಕುತ್ತದೆ. ಹುಣಸೂರಿನ ಆಚೀಚೆ ಹೊಗೆಸೊಪ್ಪಿನ ಹೊಲ, ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆಯ ಟಿಬೆಟನ್ನರು, ದಕ್ಷಿಣಕ್ಕೆ ಎಚ್.ಡಿ. ಕೋಟೆಯ ಕಾಡು, ಕಬಿನಿಯ ಹಿನ್ನೀರು. ದೂರದ ಹವ್ಯಾಸಿಗಳು ರಜೆ ಹಾಕಿ, ರೈಲು ಹತ್ತಿ ಬರುವ ಜಾಗಗಳಿಗೆ ಇವರು ಬುತ್ತಿ ಕಟ್ಟಿಕೊಂಡು ಹೋಗಿ ರಾತ್ರಿ ಊಟಕ್ಕೆ ಮನೆ ಸೇರುತ್ತಾರೆ. ತೊಂದರೆ ಇರುವುದೂ ಅಲ್ಲೇ. ಎಲ್ಲರೂ ಬರುವ ಜಾಗದಲ್ಲಿ ಸಿಗುವುದು ಎಲ್ಲರೂ ತೆಗೆದ ಚಿತ್ರವೇ.

ಕ್ಯಾಮೆರಾ ಎಚ್.ಡಿ. ಕೋಟೆಯ ಈ ಕಾಡಿಗೆ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನೋಡಲು ಮಹಾರಾಜರ ಅತಿಥಿಗಳು ದೇಶವಿದೇಶಗಳಿಂದ ಬರುತ್ತಿದ್ದ ಕಾಲದಲ್ಲೇ ಅದು ಬಂದಿತ್ತು. 1930ರ ದಶಕದ ನಡುವೆ ಸಾಕ್ಷ್ಯಚಿತ್ರಗಳ ಪಿತಾಮಹ ಎನಿಸಿಕೊಂಡ ರಾಬರ್ಟ್ ಫ್ಲಾಹರ್ಟಿ 'ಎಲಿಫೆಂಟ್ ಬಾಯ್' ಸಿನಿಮಾ ಮಾಡಲು ಮೈಸೂರು ಸಂಸ್ಥಾನಕ್ಕೆ ಬಂದು ತಿಂಗಳುಗಟ್ಟಲೆ ಬೀಡುಬಿಟ್ಟರು. ಎಚ್.ಡಿ. ಕೋಟೆ ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು ಅದರ ನಾಯಕನಾದ. ಫ್ಲಾಹರ್ಟಿ ಕಂಡದ್ದನ್ನೆಲ್ಲ ಚಿತ್ರಿಸುತ್ತ ಹೋದರು, ಕಥೆ ಮಾತ್ರ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ತಮ್ಮ ಜೋಲ್ಟಾನ್‌ಗೆ ಕೆಲಸ ಒಪ್ಪಿಸಿ, ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಉಳಿದ ಭಾಗ ಮಾಡಿಸಿದರು. ಚಿತ್ರ 1937ರಲ್ಲಿ ತೆರೆಕಂಡಿತು, ಕಾರಾಪುರದ ಹುಡುಗ ಹಾಲಿವುಡ್ಡಿನವರೆಗೂ ಹೋದ. ನಮ್ಮ ಹವ್ಯಾಸಿಗೆ ಈ ವೃತ್ತಾಂತದಲ್ಲಿ ಅತ್ಯಂತ ಪ್ರಿಯವಾದ ಭಾಗ ಸಾಬುವಿನದಲ್ಲ, ಫ್ಲಾಹರ್ಟಿಯದು. ಹಾರ್ಡ್ ಡಿಸ್ಕು ತುಂಬಿತು, ಇನ್ನೊಂದು ಬೇಕು ಎಂದಾಗಲೆಲ್ಲ ಮನೆಯಲ್ಲಿ ಅವರು ಉದಾಹರಿಸುವುದು ಆ ಮಹಾನುಭಾವರನ್ನೇ.

ನಮ್ಮ ಹವ್ಯಾಸಿಯ ಸಾಧನೆಯ ಮೊದಲ ಘಟ್ಟ ಕಬಿನಿಯದು. 1974ರಲ್ಲಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ಕಡೆಯೆಲ್ಲ ನೀರು ನಿಂತಿತು. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದು ಹಸಿ ಹುಲ್ಲು ಚಿಗುರುತ್ತಿದ್ದಂತೆ ಆನೆಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಆನೆಗಳಿಗಿಂತ ದೊಡ್ಡ ಹಿಂಡು ಲೆನ್ಸುಗಳದು. ಲೆನ್ಸು ಉದ್ದವಾದಷ್ಟೂ ಸಫಾರಿಯಲ್ಲಿ ಕ್ಯಾಮೆರಾ ಶುಲ್ಕವೂ ಹೆಚ್ಚು, ಹಾಗಾಗಿ ಟಿಕೆಟ್ ಕೌಂಟರಿನಲ್ಲಿ ತಮ್ಮ ಲೆನ್ಸು ಚಿಕ್ಕದೆಂದು ವಾದಿಸುವವರೇ ವಾಹನ ಹತ್ತಿದ ಮೇಲೆ ಪಕ್ಕದವರಿಗೆ ಅದು ಎಷ್ಟು ದೊಡ್ಡದೆಂದು ವಿವರಿಸುತ್ತಾರೆ. ನಮ್ಮ ಹವ್ಯಾಸಿ ಹತ್ತುವುದು ಎಲ್ಲರೂ ಸೇರಿ ಹತ್ತುವ ಬಸ್ಸು. ಕಾಡಿನಲ್ಲಿ ಒಂದು ನಿಯಮವಿದೆ, ಅರಣ್ಯ ಇಲಾಖೆಯ ಫಲಕದಲ್ಲಿ ಅದನ್ನು ಬರೆದಿಲ್ಲ: ಪ್ರಾಣಿ ಯಾವಾಗಲೂ ಬಸ್ಸಿನ ಆಚೆ ಬದಿಯಲ್ಲೇ ಬರುತ್ತದೆ. ಆಚೆಯವರ ಕೈ, ಟೋಪಿ, ಮೊಬೈಲುಗಳ ಸಂದಿಯಿಂದ ಇವರು ಗುರಿ ಹಿಡಿಯುವಷ್ಟರಲ್ಲಿ ಆನೆ ತಿರುಗಿ ಹೊರಟಿರುತ್ತದೆ. ನೆಲ ಮುಟ್ಟುವಂತಿದ್ದ ದಂತಗಳಿಂದ 'ಮಿಸ್ಟರ್ ಕಬಿನಿ' ಎಂದೇ ಖ್ಯಾತವಾಗಿದ್ದ ಭೋಗೇಶ್ವರ ಎಂಬ ಆನೆ 2022ರ ಜೂನ್‌ನಲ್ಲಿ ತೀರಿಕೊಂಡಿತು. ಎರಡೂವರೆ ಮೀಟರಿನ ಆಸುಪಾಸಿನ ಆ ದಂತಗಳನ್ನು ಚಿತ್ರಿಸದ ಕ್ಯಾಮೆರಾ ಇಲ್ಲ. ಇವರ ಬಳಿಯೂ ಭೋಗೇಶ್ವರನ ಚಿತ್ರವಿದೆ. ಬಾಲ ಸ್ಪಷ್ಟವಾಗಿದೆ.

ಅದೇ ಕಾಡಿನಲ್ಲಿ ಮಿಥುನ್ ಎಚ್. ತೆಗೆದ ಒಂದು ಚಿತ್ರ 2020ರಲ್ಲಿ ಜಗತ್ತೆಲ್ಲ ಸುತ್ತಿತು. ಮುಂದೆ ಕ್ಲಿಯೋಪಾತ್ರ ಎಂಬ ಚಿರತೆ, ಅದರ ನೆರಳೇ ಎದ್ದು ನಿಂತ ಹಾಗೆ ಹಿಂದೆ ಸಾಯಾ ಎಂಬ ಕರಿಚಿರತೆ. ಎರಡೂ ಸೀದಾ ಕ್ಯಾಮೆರಾವನ್ನೇ ನೋಡುತ್ತಿವೆ. ಅದಕ್ಕಾಗಿ ಅವರು ಒಂದೇ ಜಾಗದಲ್ಲಿ ಆರು ದಿನ ಕಾದಿದ್ದರು. ಆಮೇಲಿನ ವರ್ಷಗಳಲ್ಲಿ ಸಫಾರಿಗೆ ಹೋದವರೆಲ್ಲ ಕೇಳಿದ್ದು ಒಂದೇ, "ಆ ಫೋಟೋದ ಜಾಗ ಎಲ್ಲಿ?" ಆರು ದಿನದ ವಿಚಾರವನ್ನು ಯಾರೂ ಕೇಳಿದಂತಿಲ್ಲ.

ಎರಡನೆಯ ಘಟ್ಟ ಹಾಲು ನೀರಿನದು. ಮಳೆಗಾಲದಲ್ಲಿ ಚುಂಚನಕಟ್ಟೆಯ ಎದುರು ಟ್ರೈಪಾಡು ಊರಿ, ಲೆನ್ಸಿಗೆ ಕಪ್ಪು ಫಿಲ್ಟರು ತೊಡಿಸಿ, ಶಟರನ್ನು ಅರ್ಧ ಸೆಕೆಂಡು ತೆರೆದಿಟ್ಟರೆ ಕೆಂಪು ಹೊಳೆ ರೇಷ್ಮೆಯಾಗುತ್ತದೆ. ಇದನ್ನು ಕಲಿತ ಪ್ರತಿಯೊಬ್ಬ ಹವ್ಯಾಸಿಯೂ ಒಂದು ವರ್ಷ ಬೇರೇನನ್ನೂ ತೆಗೆಯುವುದಿಲ್ಲ. ಅಲ್ಲಿನ ಕೋದಂಡರಾಮನ ಗುಡಿಯಲ್ಲಿ ಒಂದು ವಿಶೇಷ ಹೇಳುತ್ತಾರೆ: ಆವರಣವೆಲ್ಲ ಜಲಪಾತದ ಮೊರೆತ ಕೇಳಿಸುತ್ತದೆ, ಗರ್ಭಗುಡಿಯಲ್ಲಿ ಮಾತ್ರ ಕೇಳಿಸುವುದಿಲ್ಲ. ಇವರ ಚಿತ್ರಗಳಲ್ಲೂ ಕೇಳಿಸುತ್ತಿರಲಿಲ್ಲ. ಗೋಡೆಗೆ ಹಾಕಿದ ಚೌಕಟ್ಟನ್ನು ನೋಡಿದ ಅವರ ತಾಯಿ, "ಏನಪ್ಪಾ ಇದು, ಮಂಜು ಕವ್ಕೊಂಡದಲ್ಲ" ಎಂದರು. ಆ ಚೌಕಟ್ಟು ಈಗ ಬೀರುವಿನ ಹಿಂದಿದೆ.

ಮೂರನೆಯದು ಬೈಲಕುಪ್ಪೆ. ನಾಮ್‌ಡ್ರೋಲಿಂಗ್ ಮಠ 1963ರಲ್ಲಿ ಆರಂಭವಾದದ್ದು, ಜನ 'ಗೋಲ್ಡನ್ ಟೆಂಪಲ್' ಎನ್ನುವ ಮಂದಿರ 1999ರದು. ಒಳಗೆ ಅರವತ್ತು ಅಡಿಯ ಬುದ್ಧ, ಎರಡು ಮಗ್ಗುಲಿಗೆ ಹೆಚ್ಚುಕಡಿಮೆ ಅಷ್ಟೇ ಎತ್ತರದ ಪದ್ಮಸಂಭವ, ಅಮಿತಾಯುಸ್. ಮೂರನ್ನೂ ಒಂದೇ ಚಿತ್ರದಲ್ಲಿ ಹಿಡಿಯಬೇಕೆಂದು ಪ್ರವಾಸಿಗರು ನೆಲಕ್ಕೆ ಬೆನ್ನು ಹಚ್ಚಿ ಮಲಗುವುದನ್ನು ನೋಡಿದರೆ ಯಾವುದೋ ಉರುಳು ಸೇವೆ ನಡೆದಿದೆ ಎನಿಸುತ್ತದೆ. ಇವರಿಗೆ ಅಷ್ಟು ಧೈರ್ಯ ಸಾಲದು. ಕಂಬದ ಮರೆಯಲ್ಲಿ ನಿಂತು, ಸಾಲಾಗಿ ಕುಳಿತು ಮಂತ್ರ ಹೇಳುವ ಭಿಕ್ಕುಗಳ ಕೆಂಗಂದು ವಸ್ತ್ರದ ಬೆನ್ನುಗಳನ್ನು ತೆಗೆದುಕೊಂಡು, ಹೊರಗೆ ಬಂದು ಒಂದು ಪ್ಲೇಟ್ ಮೊಮೊ ತಿಂದು ವಾಪಸಾಗುತ್ತಿದ್ದರು.

ಇಷ್ಟೆಲ್ಲ ಸಾಗಿರುವಾಗ ಒಂದು ಮಳೆಯ ಭಾನುವಾರ ಹಾರ್ಡ್ ಡಿಸ್ಕಿನಲ್ಲಿ ಜಾಗ ಮಾಡಲು ಕುಳಿತರು. ಪಕ್ಕದಲ್ಲಿ ಹೈಸ್ಕೂಲು ಓದುವ ಮಗಳು, ಅಳಿಸಲು ನೆರವಾಗುವವಳು. ಸ್ವಲ್ಪ ಹೊತ್ತು ನೋಡಿ ಕೇಳಿದಳು:

"ಅಪ್ಪ, ಎಲ್ರೂ ಯಾಕೆ ಆ ಕಡೆ ತಿರುಗ್ಕೊಂಡಿದ್ದಾರೆ?"

ಅವರು ಹಿಂದಿನ ಫೋಲ್ಡರು ತೆರೆದರು. ಅದರ ಹಿಂದಿನದನ್ನೂ ತೆರೆದರು. ಸಂತೆಯಲ್ಲಿ ಬೆನ್ನು, ತೇರಿನಲ್ಲಿ ಬೆನ್ನು. ಅರ್ಕೇಶ್ವರನ ಗುಡಿಯ ಮುಂದೆ ಹೊಳೆಗೆ ಇಳಿಯುವವರ ಬೆನ್ನು. ಆನೆ ಸರಿಯೇ ಸರಿ, ನವಿಲೂ ಹಿಂದಿನಿಂದ ಗರಿ ಬಿಚ್ಚಿತ್ತು, ಅದು ಯಾರಿಗೂ ಬೇಡವಾದ ಭಾಗ. ಸ್ವಂತ ಭಾವಮೈದುನನ ಮದುವೆಯಲ್ಲಿ ಧಾರೆಯ ಚಿತ್ರ ಕೂಡ ಪುರೋಹಿತರ ಬೆನ್ನಿನ ಕಡೆಯಿಂದಲೇ ಇತ್ತು. "ಅದಕ್ಕೇ ಆವತ್ತು ಮಾವ ಆಲ್ಬಮ್ಮಿಗೆ ಬೇರೆಯವರನ್ನ ಕರೆದದ್ದು" ಎಂದು ಅಡುಗೆಮನೆಯಿಂದ ಮಾತು ತೇಲಿಬಂತು.

ಕಾರಣ ಗೂಢವೇನಲ್ಲ. ನಮ್ಮ ಹವ್ಯಾಸಿಗೆ ವಿಪರೀತ ನಾಚಿಕೆ. ಗುರುತಿಲ್ಲದವರ ಎದುರು ನಿಂತು "ಒಂದು ಫೋಟೋ ತೆಗೀಲಾ?" ಎಂದು ಕೇಳುವುದಕ್ಕಿಂತ ಹುಲಿಯನ್ನು ಕೇಳುವುದು ಅವರಿಗೆ ಸುಲಭ. ಜನ ದಾಟಿ ಹೋದ ಮೇಲೆ ಕ್ಯಾಮೆರಾ ಮೇಲಕ್ಕೆ ಏಳುತ್ತದೆ. ಹವ್ಯಾಸಿಗಳ ಕೂಟಗಳಲ್ಲಿ 'ನಿಮ್ಮದೇ ಆದ ಶೈಲಿ ಕಂಡುಕೊಳ್ಳಿ' ಎಂದು ಹೇಳಿ ಚಹಾ ಕೊಡುತ್ತಾರೆ. ಕಂಡುಕೊಳ್ಳುವುದು ಹೇಗೆ ಎನ್ನುವಷ್ಟರಲ್ಲಿ ಚಹಾ ಮುಗಿದಿರುತ್ತದೆ. ನಿಜ ನೋಡಿದರೆ ಶೈಲಿ ಎನ್ನುವುದು ಅರ್ಧ ಪಾಲು ಜೇಬಿನ ಅಳತೆ, ಉಳಿದರ್ಧ ಹುಟ್ಟುಗುಣ. ಯಾವುದನ್ನು ಮಾಡಲು ಕೈಲಾಗುವುದಿಲ್ಲವೋ ಅದನ್ನು ಬಿಟ್ಟು ಉಳಿದದ್ದನ್ನೇ ಹತ್ತಾರು ವರ್ಷ ಮಾಡಿದರೆ ವಿಮರ್ಶಕರು ಬಂದು ಅದಕ್ಕೆ ಹೆಸರಿಡುತ್ತಾರೆ.

ದೊಡ್ಡವರ ವಿಷಯದಲ್ಲೂ ಹೀಗೆಯೇ ಆಗಿರಬೇಕು. ಫ್ರಾನ್ಸಿನ ಹೆನ್ರಿ ಕಾರ್ಟಿಯೇ ಬ್ರೆಸೋನ್ ತಮ್ಮ ಪುಟ್ಟ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಕ್ಕೆ ಕಪ್ಪು ಟೇಪು ಸುತ್ತಿಕೊಂಡು ಬೀದಿ ಅಲೆಯುತ್ತಿದ್ದರು, ತಾವಿರುವುದು ಯಾರಿಗೂ ತಿಳಿಯಬಾರದೆಂದು. ಜೀವನವಿಡೀ ಹೆಚ್ಚುಕಡಿಮೆ ಒಂದೇ 50 ಮಿಲಿಮೀಟರ್ ಲೆನ್ಸು. ನಮ್ಮಲ್ಲಿ ಒ.ಸಿ. ಎಡ್ವರ್ಡ್ಸ್, ಅವರ ಬಳಿ ಪಳಗಿದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಕಾಲದಲ್ಲಿ ಹಕ್ಕಿಯ ಚಿತ್ರವೆಂದರೆ ಗೂಡಿನ ಎದುರು ಮರೆ ಕಟ್ಟಿ, ಅದರೊಳಗೆ ಸೆಖೆಯಲ್ಲಿ ಗಂಟೆಗಟ್ಟಲೆ ಕೂರುವುದು. ರೋಲಿಗೆ ಮೂವತ್ತಾರು ಚಿತ್ರ. ಒಂದೊಂದು ಕ್ಲಿಕ್ಕಿಗೂ ಕಾಸು. ಇಂದಿನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ತೆಗೆಯುವಾಗ ಆ ತಲೆಮಾರಿನ ಚಿತ್ರಗಳ ಸ್ಥಿಮಿತ ಎಲ್ಲಿಂದ ಬಂತೆಂದು ಕೇಳುವವರು ರೋಲಿನ ಬೆಲೆಯನ್ನೂ ಕೇಳಬೇಕು. ಲೇಖಕ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದ ಸುತ್ತಲಿನ ಹಕ್ಕಿಗಳ ಬೆನ್ನು ಹತ್ತಿ ತೆಗೆದ ಚಿತ್ರಗಳಿಗೂ, ಅವರು ಬರೆದದ್ದಕ್ಕೂ ಒಂದೇ ಗುಣ: ಅವಸರವಿಲ್ಲ, ಆದರೆ ಕಣ್ಣು ತಪ್ಪಿಸಿ ಏನೂ ಹೋಗುವುದಿಲ್ಲ.

ಈ ಸೀಮೆಯವರು ಮರೆಯಬಾರದ ಇನ್ನೊಂದು ಹೆಸರು ಎಂ.ವೈ. ಘೋರ್ಪಡೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದಾಗ ಹಣಕಾಸು ನೋಡಿಕೊಂಡದ್ದು ಸಂಡೂರು ರಾಜಮನೆತನದ ಈ ಘೋರ್ಪಡೆಯವರು. ಅವರು ಕಾಡು ಅಲೆಯುವ ಹವ್ಯಾಸಿಯೂ ಆಗಿದ್ದರು, ಕಪ್ಪು ಬಿಳುಪಿನಲ್ಲಿ ವನ್ಯಜೀವಿಗಳನ್ನು ತೆಗೆದು ಅಂತರರಾಷ್ಟ್ರೀಯ ಮನ್ನಣೆ ಪಡೆದವರು. 1983ರ ಅವರ ಪುಸ್ತಕದ ಹೆಸರು 'ಸನ್‌ಲೈಟ್ ಅಂಡ್ ಶಾಡೋಸ್'. ಬಜೆಟ್ ಮಂಡಿಸುವವರಿಗೆ ಬಿಸಿಲು ನೆರಳಿನ ಲೆಕ್ಕ ಹೆಚ್ಚು ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಕ್ಯಾಮೆರಾ ಖರ್ಚಿನ ಮಾತು ಬಂದಾಗ ಫ್ಲಾಹರ್ಟಿ ಸೋತರೆ ನಮ್ಮ ಹವ್ಯಾಸಿ ಘೋರ್ಪಡೆಯವರನ್ನು ಕರೆತರುತ್ತಾರೆ. "ಅವರು ರಾಜರ ಮನೆಯವರು ಕಣ್ರಿ" ಎಂಬ ಉತ್ತರಕ್ಕೆ ಅವರಲ್ಲಿ ಇನ್ನೂ ಮರುತ್ತರವಿಲ್ಲ.

ಮಗಳು ಕಂಡುಹಿಡಿದ ಮೇಲೆ ಅವರು ಬೆನ್ನುಗಳನ್ನು ಬೇಕೆಂದೇ ಹುಡುಕಿಕೊಂಡು ಹೊರಟರು. ಆಗಲೇ ತಿಳಿದದ್ದು, ಸೀಮೆ ಪೂರ್ತಿ ಅವರಿಗಾಗಿಯೇ ತಿರುಗಿ ನಿಂತಿದೆ.

ಕೆ.ಆರ್. ನಗರ ಭತ್ತದ ನಾಡು. ನಾಲೆಗೆ ನೀರು ಬಿಟ್ಟು, ಗದ್ದೆ ಕೆಸರು ಮಾಡಿ, ನಾಟಿ ಶುರುವಾದರೆ ಹೆಂಗಸರು ಸಾಲು ಹಿಡಿದು ಪೈರು ನೆಡುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ನೆಟ್ಟದ್ದನ್ನು ತುಳಿಯಬಾರದಲ್ಲ. ಹಾಗಾಗಿ ಈ ಬದಿಯ ಬದುವಿನ ಮೇಲೆ ನಿಂತವನ ಕಡೆಗೆ ಬೆನ್ನುಗಳೇ ನಿಧಾನವಾಗಿ ನಡೆದು ಬರುತ್ತವೆ. ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲು, ಸೊಂಟದ ಹತ್ತಿರ ಸಿಕ್ಕಿಸಿದ ಎಲೆಅಡಿಕೆಯ ಚೀಲ, ಕೆಸರುನೀರಿನಲ್ಲಿ ತಲೆಕೆಳಗಾದ ಮೋಡ. ಎಷ್ಟು ಹತ್ತಿರ ಬಂದರೂ ನಾಚಿಕೆಪಡುವ ಪ್ರಮೇಯವಿಲ್ಲ, ಅವರು ನೋಡುವುದೇ ಇಲ್ಲ. ಬದು ಮುಟ್ಟಿ ಸೊಂಟ ನೆಟ್ಟಗೆ ಮಾಡಿ ತಿರುಗಿದಾಗ ಮಾತ್ರ ಕಷ್ಟ. "ಏನ್ ಸಾ, ಕ್ಯಾಮ್ರ ಅಲ್ಲೇ ಮಡಗಿ ಬನ್ನಿ, ಎಲ್ಡ್ ಸಾಲ್ ನಾಟಿ ಹಾಕುವ್ರಂತೆ" ಎಂದು ನಗೆಯೆದ್ದರೆ ಇವರು ಬೈಕಿನ ಕಡೆಗೆ ಹೊರಟಿರುತ್ತಾರೆ. ಆಗ ಕಾಣುವುದು ಅವರ ಬೆನ್ನು.

ಹೊಗೆಸೊಪ್ಪಿನ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಬ್ಯಾರನ್ ಮನೆಗಳು ಹಗಲೂ ರಾತ್ರಿ ಉರಿಯುತ್ತವೆ. ಸೊಪ್ಪು ಮುರಿದವರ ಕೈಗೆ ಅಂಟು ಮೆತ್ತಿ ಕರ್ರಗಾಗಿರುತ್ತದೆ, ಹಿಡಿದ ಟೀ ಲೋಟಕ್ಕೂ ಅದು ಹತ್ತುತ್ತದೆ. ಕಡ್ಡಿಗೆ ಕಟ್ಟಿದ ಹಸಿರು ಸೊಪ್ಪನ್ನು ಒಳಗೆ ಅಂತಸ್ತು ಅಂತಸ್ತಾಗಿ ನೇತುಹಾಕುವಾಗ ಜನ ಗಳುಗಳ ಮೇಲೆ ಎರಡು ಕಡೆ ಕಾಲಿಟ್ಟು ನಿಂತು ಕೆಳಗಿನಿಂದ ಮೇಲಕ್ಕೆ ದಾಟಿಸುತ್ತಾರೆ. ಬಾಗಿಲಲ್ಲಿ ನಿಂತು ನೋಡಿದರೆ ಕಾಣುವುದು ಅಂಗಾಲು ಮತ್ತು ಬೆನ್ನು. ಹದ ಬರಲು ಐದಾರು ದಿನ ಬೇಕು. ಶಾಖ ಏರಿದರೂ ಕಷ್ಟ, ಇಳಿದರೂ ಕಷ್ಟ. ರಾತ್ರಿ ಕಾವಲಿನವನು ಒಲೆಗೆ ಸೌದೆ ನೂಕಿ, ಗೋಡೆಯ ಪುಟ್ಟ ಗಾಜಿಗೆ ಮುಖ ಹಚ್ಚಿ ಒಳಗಿನ ಎಲೆಯ ಬಣ್ಣ ನೋಡುತ್ತಾನೆ. ಆ ಬೆನ್ನಿನ ಒಂದು ಮಗ್ಗುಲಿಗೆ ಉರಿಯ ಕೆಂಪು, ಇನ್ನೊಂದು ಮಗ್ಗುಲಿಗೆ ಪೂರಾ ಕತ್ತಲೆ. ಇವರ ಚಿತ್ರಗಳಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ.

ಅದನ್ನು ಒಂದು ಸ್ಪರ್ಧೆಗೆ ಕಳಿಸಿದರು. ಸಲೋನ್ ಎನ್ನುವ ಈ ಛಾಯಾಚಿತ್ರ ಸ್ಪರ್ಧೆಗಳ ಲೋಕವೇ ಬೇರೆ. 1950ರಲ್ಲಿ ಹುಟ್ಟಿದ ಫಿಯಾಪ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಬಿರುದುಗಳನ್ನು ಕೊಡುತ್ತದೆ. ಕರ್ನಾಟಕದ ಹವ್ಯಾಸಿಗಳಲ್ಲಿ ಹಲವರು ಅವನ್ನು ಪಡೆದು ವೈದ್ಯರ ಹಾಗೆ ಹೆಸರಿನ ಕೊನೆಗೆ ಅಕ್ಷರಗಳನ್ನು ಜೋಡಿಸಿಕೊಂಡಿದ್ದಾರೆ. ನಿಸರ್ಗ ವಿಭಾಗಕ್ಕೆ ಕಟ್ಟುನಿಟ್ಟಾದ ವ್ಯಾಖ್ಯೆಯೇ ಇದೆ, ಚಿತ್ರದಲ್ಲಿ ಮನುಷ್ಯನ ಕೈವಾಡ ಕಾಣುವಂತಿಲ್ಲ, ಕಥೆಗೆ ಅನಿವಾರ್ಯವಾದರೆ ಮಾತ್ರ ಉಂಟು. ಬೆನ್ನಿಗೆ ಯಾವ ವಿಭಾಗವೂ ಇಲ್ಲ. ತೀರ್ಪುಗಾರರು ಚಿತ್ರವೊಂದಕ್ಕೆ ಕೊಡುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಕಣ್ಣಿಗೆ ಕಣ್ಣು ಕೊಡುವ ಚಿತ್ರ ಗೆಲ್ಲುತ್ತದೆ, ಬೆನ್ನು ಸೋಲುತ್ತದೆ. ಫಲಿತಾಂಶದ ಮಿಂಚಂಚೆ ಬಂದ ದಿನ ಅವರು ಯಾರಿಗೂ ಹೇಳದೆ ಮಿಲ್ಲಿಗೆ ಹೋಗಿ ನುಚ್ಚು ತಂದರು.

ಬೆನ್ನಿನ ಬೆಲೆ ಗೊತ್ತಿರುವ ತೀರ್ಪುಗಾರರು ಸಿಕ್ಕಿದ್ದು ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ. ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ಈ ಜಾತ್ರೆಗೆ ಹಳ್ಳಿಕಾರ್ ಜೋಡಿಗಳು ಬರುತ್ತವೆ. ಹಳ್ಳಿಕಾರ್ ಎತ್ತು ಹವ್ಯಾಸಿಗೆ ದೇವರು ಕೊಟ್ಟ ವರ. ಕ್ಯಾಮೆರಾದ ಬೆಳಕಿನ ಮೀಟರು ಲೋಕವೆಲ್ಲ ಶೇಕಡಾ ಹದಿನೆಂಟರ ಬೂದು ಎಂದು ನಂಬಿಕೊಂಡ ಯಂತ್ರ. ಬೆಳ್ಳಗಿನ ಹಸುವನ್ನೂ ಕರೀ ಎಮ್ಮೆಯನ್ನೂ ಬೂದು ಮಾಡಿಬಿಡುತ್ತದೆ. ಹಳ್ಳಿಕಾರ್ ತಾನಾಗಿಯೇ ಬೂದು. ಏನೂ ತಿರುಗಿಸಬೇಕಾಗಿಲ್ಲ. ಕೊಳ್ಳುವವರೂ ಬಾಯಿ ಬಿಡಿಸಿ ಎಷ್ಟು ಹಲ್ಲೆಂದು ನೋಡಿದ ಮೇಲೆ ಹಿಂದಕ್ಕೇ ಬರುತ್ತಾರೆ, ನಡೆಸಿ ನೋಡುತ್ತಾರೆ, ಸುಳಿ ಹುಡುಕುತ್ತಾರೆ, ತೊಡೆ ತಟ್ಟುತ್ತಾರೆ. ವ್ಯಾಪಾರ ನಡೆಯುವುದು ಟವೆಲಿನ ಅಡಿಯಲ್ಲಿ. ಇಬ್ಬರ ಕೈಗಳ ಮೇಲೆ ಒಂದು ಟವೆಲು, ಒಳಗೆ ಬೆರಳಿಗೆ ಬೆರಳು ಒತ್ತಿ ಬೆಲೆ, ಮುಖದಲ್ಲಿ ಏನೂ ಇಲ್ಲ. ಅಲ್ಲಿ ಮುಖ ತೆಗೆದವನಿಗೆ ಸಿಗುವುದು ಸೊನ್ನೆ. ಭುಜ ಮಾತ್ರ ಎಲ್ಲವನ್ನೂ ಹೇಳುತ್ತದೆ, ಒಪ್ಪಿಗೆಯಾಗುವ ಮುಂಚೆ ಅದು ಒಂದಿಷ್ಟು ಇಳಿಯುತ್ತದೆ.

ಹಿಂದಿನ ಜಾತ್ರೆಯ ಚಿತ್ರಗಳನ್ನು ಪ್ರಿಂಟು ಹಾಕಿಸಿಕೊಂಡು, ಆಯಾ ಜನರಿಗೆ ಕೊಡೋಣವೆಂದು ಅವರು ಈ ಸಲ ಹೋದರು. ಮುಖವಿಲ್ಲದ ಚಿತ್ರದ ಒಡೆಯರನ್ನು ಹುಡುಕುವುದು ಹೇಗೆಂಬುದು ಅಲ್ಲಿಗೆ ಹೋದ ಮೇಲೆ ಹೊಳೆದ ಪ್ರಶ್ನೆ. ಟೀ ಅಂಗಡಿಯ ಬೆಂಚಿನ ಮೇಲೆ ಹರಡಿದ್ದೇ ತಡ, ಜನ ಮುತ್ತಿದರು. "ಇವ ನಮ್ಮ ಬಾವ ಅಲ್ವಾ? ಎಡಗಾಲು ನೋಡ್ಲಾ." "ಈ ಜೋಡಿ ಹೋದೊರ್ಸ ಅರಕಲಗೂಡಿನೋರು ಹೊಡ್ಕಂಡ್ ಹೋದ್ರು." ಒಂದು ಚಿತ್ರವೂ ಅನಾಥವಾಗಿ ಉಳಿಯಲಿಲ್ಲ. ಒಬ್ಬ ಅಜ್ಜ ತಮ್ಮ ಬೆನ್ನನ್ನು ಬಹಳ ಹೊತ್ತು ನೋಡಿದರು, ಅದನ್ನು ಅವರು ಎಂದೂ ನೋಡಿರಲಿಲ್ಲವಲ್ಲ.

"ಚೆನ್ನಾಗದೆ ಸಾ. ಹಂಗೇ ಮುಂದ್ಗಡೆಯಿಂದಾನೂ ಒಂದ್ ಹೊಡೀರಿ. ಪಿಂಚಣಿಗೆ ಪೋಟ ಕೇಳವ್ರೆ."

ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಯಾರೋ ಬಿಳಿ ಪಂಚೆ ಹಿಂದೆ ಹಿಡಿದರು. ಲೆನ್ಸು ಉದ್ದವಾದ್ದರಿಂದ ಹವ್ಯಾಸಿ ಹಿಂದಕ್ಕೆ ಸರಿದು ಸರಿದು ಯಾರದೋ ಗಾಡಿಯ ಮೂಕಿಗೆ ತಗುಲಿ ನಿಂತರು. ಅಜ್ಜನ ಕಣ್ಣು ಸೀದಾ ಲೆನ್ಸಿನೊಳಗೆ. ಕ್ಲಿಕ್ಕಾಯಿತು. ತಲೆ ಎತ್ತಿ ನೋಡಿದರೆ ಪಂಚೆಯ ಮುಂದೆ ಸಾಲು ನಿಂತಿದೆ, ಕೆಲವರು ಎತ್ತುಗಳ ಸಮೇತ. ಅಜ್ಜ ಹತ್ತಿರ ಬಂದು, "ಎಷ್ಟಾಯ್ತದೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಇವರ ಕೈ ಹಿಡಿದು, ಮೇಲೆ ಟವೆಲು ಹಾಸಿ, ಒಳಗೆ ಮೂರು ಬೆರಳು ಒತ್ತಿದರು. ಇವರಿಗೆ ಆ ಲೆಕ್ಕ ಬರುವುದಿಲ್ಲ. ನಾಚಿಕೆಗೆ ತಲೆಯಾಡಿಸಿಬಿಟ್ಟರು. ಎಷ್ಟಕ್ಕೆ ಒಪ್ಪಿದರೆಂಬುದು, ಅದೂ ಕೊಡುವುದಕ್ಕೋ ತೆಗೆದುಕೊಳ್ಳುವುದಕ್ಕೋ ಎಂಬುದು, ಇನ್ನೂ ಇತ್ಯರ್ಥವಾಗಿಲ್ಲ.